ಲಾರಿ ದಣಿಯುವುದಿಲ್ಲ, ಚಾಲಕ ದಣಿಯುತ್ತಾನೆ

ನಮ್ಮ ಸಾರಿಗೆ ಸಂಸ್ಥೆಯ ನಾಲ್ಕು ಬಸ್ಸುಗಳನ್ನು ಒಂದರ ಹಿಂದೆ ಒಂದರಂತೆ ನಿಲ್ಲಿಸಿ, ಐದನೆಯದರ ಅರ್ಧವನ್ನೂ ಸೇರಿಸಿದರೆ ಎಷ್ಟು ಉದ್ದವಾದೀತು? ಅಷ್ಟು ಉದ್ದದ ಒಂದೇ ವಾಹನವು ಒಬ್ಬನೇ ಚಾಲಕನ ಕೈಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವುದನ್ನು ಊಹಿಸಿಕೊಳ್ಳಿ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಇದು ದಿನನಿತ್ಯದ ನೋಟ. ಮುಂದೆ ಒಂದು ಎಂಜಿನ್ ಗಾಡಿ, ಅದರ ಹಿಂದೆ ಮೂರು, ಕೆಲವೊಮ್ಮೆ ನಾಲ್ಕು ಟ್ರೇಲರ್‌ಗಳು. ಉದ್ದ 53.5 ಮೀಟರಿನವರೆಗೆ. ತೂಕ ನೂರು ಟನ್ನಿಗೂ ಮಿಕ್ಕಿ. ಚಕ್ರಗಳ ಸಂಖ್ಯೆ ಅರವತ್ತರ ಆಸುಪಾಸು. ರೈಲಿನ ಹಾಗೆ ಕಾಣುವುದರಿಂದಲೇ ಅದಕ್ಕೆ 'ರೋಡ್ ಟ್ರೇನ್' ಎಂಬ ಹೆಸರು ಬಂದಿದೆ.

ಆರೋಗ್ಯದ ಅಂಕಣದಲ್ಲಿ ಲಾರಿಯ ಪುರಾಣವೇಕೆ ಎಂದು ನೀವು ಕೇಳಬಹುದು. ಈ ಲಾರಿಗಳನ್ನು ಅತ್ಯಂತ ಕಠಿಣ ಪರಿಸ್ಥಿತಿಯನ್ನು ತಾಳಿಕೊಳ್ಳುವಂತೆ ಕಟ್ಟುತ್ತಾರೆ. ಆದರೆ ಅವುಗಳಲ್ಲಿ ಕೂರುವ ಮನುಷ್ಯನನ್ನು ಹಾಗೆ ಕಟ್ಟಲು ಯಾವ ಕಾರ್ಖಾನೆಗೂ ಸಾಧ್ಯವಿಲ್ಲ. ಗಾಡಿ ಗಟ್ಟಿಯಾದಷ್ಟೂ ಅದನ್ನು ಓಡಿಸುವವನ ಆರೋಗ್ಯಕ್ಕೆ ಅಪಾಯ ಹೆಚ್ಚುತ್ತದೆ ಎಂಬುದು ವಿಚಿತ್ರವಾಗಿ ಕಂಡರೂ ನಿಜ. ಅದು ಹೇಗೆಂದು ನೋಡೋಣ.

ಗಾಡಿಯ ಗಟ್ಟಿತನ

'ಔಟ್‌ಬ್ಯಾಕ್' ಎಂದು ಅಲ್ಲಿಯವರು ಕರೆಯುವ ಒಳನಾಡು ಬಹುಪಾಲು ಮರಳುಗಾಡು ಮತ್ತು ಕುರುಚಲು ಬಯಲು. ದಕ್ಷಿಣದ ಪೋರ್ಟ್ ಅಗಸ್ಟಾದಿಂದ ಉತ್ತರದ ಡಾರ್ವಿನ್‌ವರೆಗೆ ಹೋಗುವ ಸ್ಟುವರ್ಟ್ ಹೆದ್ದಾರಿಯೊಂದೇ ಸುಮಾರು 2,800 ಕಿಲೋಮೀಟರ್ ಉದ್ದವಿದೆ. ಕೆಲವು ಕಡೆ ನೂರು, ಇನ್ನೂರು ಕಿಲೋಮೀಟರ್ ಹೋದರೂ ಒಂದು ಮನೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು.

ಇಂಥ ದಾರಿಯಲ್ಲಿ ಸರಕು ಸಾಗಿಸಲು ಆಲಿಸ್ ಸ್ಪ್ರಿಂಗ್ಸ್‌ನ ಕರ್ಟ್ ಜೊಹಾನ್ಸೆನ್ ಎಂಬಾತ ಎರಡನೇ ಮಹಾಯುದ್ಧದ ನಂತರ ಒಂದು ಉಪಾಯ ಹೂಡಿದ. ಸೈನ್ಯದವರು ಟ್ಯಾಂಕ್ ಸಾಗಿಸಲು ಬಳಸಿ ಬಿಟ್ಟ ಭಾರಿ ಲಾರಿಯೊಂದನ್ನು ಕೊಂಡು, ತಾನೇ ಟ್ರೇಲರ್‌ಗಳನ್ನು ಮಾಡಿ ಅದಕ್ಕೆ ಸಾಲಾಗಿ ಕಟ್ಟಿ, ದನಗಳನ್ನು ಸಾಗಿಸತೊಡಗಿದ. ಇಂದಿನ ರೋಡ್ ಟ್ರೇನಿಗೆ ಅದೇ ಮೂಲ. 1971ರಿಂದ ಕೆನ್‌ವರ್ತ್ ಕಂಪನಿ ಮೆಲ್ಬರ್ನ್ ಬಳಿಯ ಬೇಸ್‌ವಾಟರ್‌ನಲ್ಲಿ ಆ ದೇಶದ ರಸ್ತೆಗಳಿಗೆಂದೇ ಲಾರಿ ತಯಾರಿಸುತ್ತ ಬಂದಿದೆ.

ಈ ಗಾಡಿಗಳ ಒಂದೊಂದು ಭಾಗವೂ ಒಂದೊಂದು ಕಷ್ಟಕ್ಕೆ ಉತ್ತರವಾಗಿ ಹುಟ್ಟಿದ್ದು. ಸುಡುವ ಗಾಳಿಯಲ್ಲೂ ಎಂಜಿನ್ ಕುದಿಯದಿರಲಿ ಎಂದು ಅಗಲವಾದ ರೇಡಿಯೇಟರ್. ನುಣ್ಣನೆಯ ಕೆಂಧೂಳು ಎಂಜಿನ್ನಿನೊಳಕ್ಕೆ ನುಗ್ಗದಿರಲಿ ಎಂದು ದೊಡ್ಡ ಗಾಳಿಶೋಧಕ. ಮುಸ್ಸಂಜೆ, ಮುಂಜಾವಿನಲ್ಲಿ ರಸ್ತೆಗೆ ಹಾರುವ ಕಾಂಗರೂ, ಅಡ್ಡಬರುವ ದನಗಳ ಹೊಡೆತ ತಡೆಯಲು ಮುಂಭಾಗದಲ್ಲಿ ದಪ್ಪ ಕೊಳವೆಗಳ ಕಟಕಟೆ. ಡೀಸೆಲ್ ಬಂಕುಗಳು ದೂರದೂರವಿರುವುದರಿಂದ ಸಾವಿರಾರು ಲೀಟರ್ ಹಿಡಿಯುವ ಟ್ಯಾಂಕುಗಳು. ಚಾಲಕನ ಹಿಂದೆ ಮಲಗುವ ಕೋಣೆ, ಎಂಜಿನ್ ನಿಲ್ಲಿಸಿದರೂ ತಣ್ಣಗಿರುವ ಹವಾನಿಯಂತ್ರಣ.

ಎಷ್ಟು ಮುಂದಾಲೋಚನೆ ನೋಡಿ! ಆದರೆ ಇಲ್ಲೇ ಒಂದು ತೊಡಕಿದೆ. ಹಿಂದಿನ ಕಾಲದ ಲಾರಿ ದಾರಿಯಲ್ಲಿ ಕುದಿಯುತ್ತಿತ್ತು, ಪಂಕ್ಚರ್ ಆಗುತ್ತಿತ್ತು, ಪಟ್ಟಿ ಮುರಿದುಕೊಂಡು ನಿಲ್ಲುತ್ತಿತ್ತು. ಆಗ ಚಾಲಕ ಶಪಿಸುತ್ತ ಇಳಿದರೂ ಅವನ ಬೆನ್ನಿಗೆ ವಿರಾಮ ಸಿಗುತ್ತಿತ್ತು. ಎಂಜಿನ್ ಆರುವವರೆಗೆ ಗಾಡಿಯ ನೆರಳಿನಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಬಹುದಿತ್ತು. ಇಂದಿನ ಲಾರಿ ನಿಲ್ಲುವುದಿಲ್ಲ. ಹಾಗಾಗಿ ನಿಲ್ಲಿಸಬೇಕಾದವನು ಚಾಲಕನೇ. ಅವನಿಗೆ ಆ ಸ್ವಾತಂತ್ರ್ಯ ಇದೆಯೇ ಎಂಬುದೇ ಈ ಲೇಖನದ ಪ್ರಶ್ನೆ.

ಒಳಗೆ ಕುಳಿತ ದೇಹ

ಗಾಡಿಗೆ ಬರುವ ಕಷ್ಟಗಳೆಲ್ಲ ಒಳಗಿನ ದೇಹಕ್ಕೂ ಬರುತ್ತವೆ. ಡಾಂಬರಿಲ್ಲದ ರಸ್ತೆಗಳು ಅಲ್ಲಿ ಮಡಿಕೆ ಮಡಿಕೆಯಾದ ತಗಡಿನ ಶೀಟಿನ ಹಾಗೆ ಗಟ್ಟಿಯಾಗಿರುತ್ತವೆ. ಆ ನಡುಕ ಆಸನದ ಮೂಲಕ ಬೆನ್ನುಮೂಳೆಯನ್ನು ತಲುಪುತ್ತದೆ. ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಆಗುವ ಕಂಪನಕ್ಕೆ ನಮ್ಮ ಬೆನ್ನುಮೂಳೆ ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂದಿಸುತ್ತದೆ. ವರ್ಷಗಟ್ಟಲೆ ಹೀಗೆ ಕುಲುಕಿದರೆ ಮೂಳೆಗಳ ನಡುವಿನ ಮೆತ್ತೆಗಳು ಸವೆದು ಸೊಂಟನೋವು ಕಾಡುತ್ತದೆ. ಗಾಳಿ ತುಂಬಿದ ಆಸನಗಳು ಇದನ್ನು ಕಡಿಮೆ ಮಾಡುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಇನ್ನು ಬಿಸಿಲು. ಕಿಟಕಿಯ ಗಾಜು ಸೆಖೆಯನ್ನು ತಡೆಯಬಹುದು, ಆದರೆ ಚರ್ಮವನ್ನು ಕೆಡಿಸುವ ನೇರಳಾತೀತ ಕಿರಣಗಳ ಒಂದು ಪಾಲು ಗಾಜನ್ನು ದಾಟಿ ಬರುತ್ತದೆ. ಚರ್ಮದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚಾಗಿ ಕಾಣುವ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದು. ಅಲ್ಲಿಯ ಚಾಲಕನಿಗೆ ತೋಳುದ್ದದ ಅಂಗಿ ಶೋಕಿಯಲ್ಲ, ಔಷಧಿ.

ದಿನಕ್ಕೆ ಹತ್ತು ಹನ್ನೆರಡು ಗಂಟೆ ಕುಳಿತೇ ಇರುವ ಕೆಲಸ, ಹೊತ್ತಲ್ಲದ ಹೊತ್ತಿನಲ್ಲಿ ಕರಿದ ತಿಂಡಿ, ಮಾಂಸದ ಪೇಸ್ಟ್ರಿ, ಸಕ್ಕರೆ ಪಾನೀಯ. ಹೆದ್ದಾರಿಯ ರೋಡ್‌ಹೌಸ್‌ಗಳಲ್ಲಿ ಸುಲಭವಾಗಿ ಸಿಗುವುದು ಇವೇ. ಮೂತ್ರಕ್ಕೆ ಪದೇಪದೇ ಇಳಿಯಬೇಕಾದೀತೆಂದು ಹಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬೊಜ್ಜು, ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ಕಲ್ಲು ಇವೆಲ್ಲ ಒಂದರ ಕೈ ಒಂದು ಹಿಡಿದುಕೊಂಡು ಬರುತ್ತವೆ. ನಡುದಾರಿಯಲ್ಲಿ ಎದೆನೋವು ಬಂದರೆ ಆಸ್ಪತ್ರೆ ನೂರಾರು ಕಿಲೋಮೀಟರ್ ದೂರ. 1928ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿಯಲ್ಲಿ ಜಾನ್ ಫ್ಲಿನ್ ಅವರ ಪ್ರಯತ್ನದಿಂದ ಆರಂಭವಾದ ವಿಮಾನದ ವೈದ್ಯಸೇವೆ ಇಂದಿಗೂ ಆ ಬಯಲಿನ ಜನರ ಆಪದ್ಬಂಧು. ಆದರೆ ವಿಮಾನ ಬರುವುದು ಕಾಯಿಲೆ ಕಾಣಿಸಿಕೊಂಡ ಮೇಲೆ ತಾನೇ?

ನಿದ್ದೆಯ ಸಾಲ

ಇವೆಲ್ಲಕ್ಕಿಂತ ದೊಡ್ಡ ಶತ್ರು ನಿದ್ದೆಗೇಡು. ನಮ್ಮ ಮಿದುಳಿನಲ್ಲಿ ಒಂದು ಗಡಿಯಾರವಿದೆ. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಅದು ದೇಹವನ್ನು ಮಲಗು ಮಲಗು ಎನ್ನುತ್ತದೆ. ಮಧ್ಯಾಹ್ನದ ಊಟದ ನಂತರವೂ ಇನ್ನೊಮ್ಮೆ ಜಗ್ಗುತ್ತದೆ. ಆ ಹೊತ್ತಿನಲ್ಲಿ ಎಚ್ಚರವಿರುತ್ತೇನೆಂದು ಹಟ ಹಿಡಿದವನಿಗೆ ತಿಳಿಯದಂತೆಯೇ ಮಿದುಳು ಮೂರ್ನಾಲ್ಕು ಸೆಕೆಂಡು ನಿದ್ದೆ ಕದಿಯುತ್ತದೆ. ಕಣ್ಣು ತೆರೆದೇ ಇರಬಹುದು, ಆದರೆ ನೋಟವಿರುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡೆಂದರೆ 111 ಮೀಟರ್. ನೂರು ಟನ್ನಿನ ಗಾಡಿ ಯಾರ ಹಿಡಿತವೂ ಇಲ್ಲದೆ ಅಷ್ಟು ದೂರ ಹೋಗಿರುತ್ತದೆ.

1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದೇ ಗುಂಪಿನ ಜನರನ್ನು ಒಮ್ಮೆ ನಿದ್ದೆಗೆಡಿಸಿ, ಇನ್ನೊಮ್ಮೆ ಮದ್ಯ ಕುಡಿಸಿ, ಕೈ-ಕಣ್ಣಿನ ಹೊಂದಾಣಿಕೆಯನ್ನು ಪರೀಕ್ಷಿಸಿದ್ದರು. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿತ್ತು. ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಕಾರು ಚಾಲಕನೂ ಅಷ್ಟು ಕುಡಿದು ಗಾಡಿ ಓಡಿಸುವಂತಿಲ್ಲ. 24 ಗಂಟೆ ನಿದ್ದೆ ಬಿಟ್ಟವರ ಸ್ಥಿತಿ ಅದರ ಇಮ್ಮಡಿ ಕುಡಿದವರಂತಿತ್ತು. ಕುಡಿದವನನ್ನು ಉಸಿರಿನ ಯಂತ್ರ ಹಿಡಿದುಕೊಡುತ್ತದೆ. ನಿದ್ದೆಗೆಟ್ಟವನನ್ನು ಹಿಡಿಯುವ ಊದುಗೊಳವೆ ಎಲ್ಲಿದೆ?

ಗುಳಿಗೆಯ ದಾರಿ

ನಿದ್ದೆಯನ್ನು ಗುಳಿಗೆಯಿಂದ ಗೆಲ್ಲಬಹುದೆಂಬ ಭ್ರಮೆ ಹಳೆಯದು. 1989ರ ಅಕ್ಟೋಬರ್ 20ರ ಬೆಳಗಿನ ಜಾವ ನ್ಯೂ ಸೌತ್ ವೇಲ್ಸ್ ರಾಜ್ಯದ ಗ್ರಾಫ್ಟನ್ ಪಟ್ಟಣದ ಬಳಿ ಟ್ರೇಲರ್ ಲಾರಿಯೊಂದು ಪ್ರಯಾಣಿಕರ ಬಸ್ಸಿಗೆ ಮುಖಾಮುಖಿಯಾಗಿ ಬಡಿಯಿತು. 21 ಜನ ಸತ್ತರು. ಲಾರಿ ಚಾಲಕನ ದೇಹದಲ್ಲಿ ಎಫೆಡ್ರಿನ್ ಎಂಬ ಉತ್ತೇಜಕ ಔಷಧ ವಿಪರೀತ ಪ್ರಮಾಣದಲ್ಲಿ ಸಿಕ್ಕಿತು. ಇದು ಒಳನಾಡಿನ ರಸ್ತೆಯಲ್ಲ, ಪೂರ್ವ ಕರಾವಳಿಯ ಹೆದ್ದಾರಿ. ಆದರೆ ದೂರದ ಸಾಗಣೆಯ ಒತ್ತಡ ಎರಡೂ ಕಡೆ ಒಂದೇ. ಉತ್ತೇಜಕ ಗುಳಿಗೆಗಳು ನಿದ್ದೆಯ ಸಾಲವನ್ನು ತೀರಿಸುವುದಿಲ್ಲ, ಸಾಲಗಾರನನ್ನು ಬಾಗಿಲ ಹೊರಗೆ ಸ್ವಲ್ಪ ಹೊತ್ತು ಕಾಯಿಸುತ್ತವೆ, ಅಷ್ಟೆ. ಔಷಧದ ಬಲ ಇಳಿದ ಗಳಿಗೆಯಲ್ಲಿ ಅವನು ಬಾಗಿಲು ಮುರಿದುಕೊಂಡೇ ಬರುತ್ತಾನೆ.

ಹಾಗಾದರೆ ಕಾಫಿ? ಕಾಫಿಪ್ರಿಯರಾದ ನೀವು ಇದನ್ನು ಕೇಳಿಯೇ ಕೇಳುತ್ತೀರಿ. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ದೂರ ಸಾಗಣೆಯ ಚಾಲಕರನ್ನೇ ಪರಿಶೀಲಿಸಿತು. ಎಚ್ಚರವಿರಲು ಕೆಫೀನ್ ಸೇವಿಸುವವರಲ್ಲಿ ಅಪಘಾತದ ಸಾಧ್ಯತೆ ಶೇಕಡ 63ರಷ್ಟು ಕಡಿಮೆ ಇತ್ತು. ಅಂದರೆ ಕಾಫಿಯಿಂದ ಲಾಭವಿದೆ. ಆದರೆ ಅದು ಅಲ್ಪಕಾಲದ ಲಾಭ. ಒಂದು ಲೋಟ ಕಾಫಿ ಕುಡಿದು, ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿದರೆ, ಏಳುವ ಹೊತ್ತಿಗೆ ಕಾಫಿಯ ಬಲವೂ ಸೇರುತ್ತದೆ. ನಿದ್ದೆಯ ಬದಲಿಗೆ ಕಾಫಿ ಎಂದುಕೊಂಡರೆ ಮೋಸ.

ಗೊರಕೆಯನ್ನು ನಗೆಯಾಡಬೇಡಿ

ಕೆಲವರು ಎಂಟು ಗಂಟೆ ಮಲಗಿದರೂ ದಣಿವಾರದೆ ಏಳುತ್ತಾರೆ. ಇವರಲ್ಲಿ ಹಲವರು ಜೋರಾಗಿ ಗೊರಕೆ ಹೊಡೆಯುವವರು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. ಉಸಿರು ನಿಂತು, ರಕ್ತದಲ್ಲಿ ಆಮ್ಲಜನಕ ಕುಗ್ಗಿ, ಮಿದುಳು ಗಾಬರಿಯಿಂದ ಅರೆ ಎಚ್ಚರಗೊಂಡು ಮತ್ತೆ ಉಸಿರೆಳೆಯುತ್ತದೆ. ರಾತ್ರಿಯಲ್ಲಿ ಇದು ನೂರಾರು ಸಲ ಆಗಬಹುದು. ಇದೇ 'ಸ್ಲೀಪ್ ಆಪ್ನಿಯಾ'. ಕುತ್ತಿಗೆ ದಪ್ಪವಿರುವ, ಬೊಜ್ಜು ಬೆಳೆದ ಗಂಡಸರಲ್ಲಿ ಹೆಚ್ಚು. ಲಾರಿ ಚಾಲಕನ ಬದುಕು ಇಂಥ ಮೈಕಟ್ಟನ್ನೇ ಬೆಳೆಸುತ್ತದೆ.

ಇದಕ್ಕೆ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಚಿಕಿತ್ಸೆ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲೇ. ಮೂಗಿನ ಮೇಲೆ ಮುಖವಾಡ ಹಾಕಿ ಒತ್ತಡದ ಗಾಳಿ ಬಿಟ್ಟು ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ವಿಧಾನವನ್ನು ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ವರದಿ ಮಾಡಿದರು. ಆದರೂ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿಯ ದೂರ ಸಾಗಣೆ ಚಾಲಕರ ನಿದ್ದೆಯನ್ನು ಯಂತ್ರವಿಟ್ಟು ಅಳೆದಾಗ ನೂರಕ್ಕೆ 41 ಮಂದಿಯಲ್ಲಿ ಈ ತೊಂದರೆಯ ಲಕ್ಷಣ ಕಂಡಿತು. ಅದು ಮೊದಲೇ ಪತ್ತೆಯಾಗಿದ್ದವರು ನೂರಕ್ಕೆ ಐವರೂ ಇರಲಿಲ್ಲ. ಮದ್ದು ಮನೆಯಲ್ಲೇ ಇದ್ದರೂ ರೋಗಿ ಬೀದಿಯಲ್ಲಿರುವ ಪರಿಸ್ಥಿತಿ ಇದು. ಲೈಸೆನ್ಸು ಹೋದೀತೆಂಬ ಭಯ ಇರುವವರೆಗೆ ಯಾವ ಚಾಲಕನೂ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಲಾರ. ಆದ್ದರಿಂದ ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡರೆ ಸಾಲದು, ನಿದ್ದೆಯನ್ನು ಅಳೆದು ನೋಡಬೇಕು. ಚಿಕಿತ್ಸೆ ಪಡೆದವನಿಗೆ ಕೆಲಸ ಉಳಿಯುತ್ತದೆಂಬ ಭರವಸೆಯನ್ನೂ ಕೊಡಬೇಕು.

ಕಾನೂನು ಮತ್ತು ಕೂಲಿ

2014ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಹಲವು ರಾಜ್ಯಗಳಲ್ಲಿ ಭಾರಿ ವಾಹನಗಳಿಗೆ ಏಕರೂಪದ ಕಾನೂನು ಜಾರಿಗೆ ಬಂತು. ಅದರ ಸಾಮಾನ್ಯ ನಿಯಮದಂತೆ ಒಬ್ಬನೇ ಓಡಿಸುವ ಚಾಲಕ 24 ಗಂಟೆಯಲ್ಲಿ 12 ಗಂಟೆಗಿಂತ ಹೆಚ್ಚು ದುಡಿಯಬಾರದು, ಸತತ 7 ಗಂಟೆ ಗಾಡಿ ನಿಂತಿರಬೇಕು. ಸರಕು ಕಳಿಸುವವರು, ತುಂಬುವವರು, ವೇಳಾಪಟ್ಟಿ ಹಾಕುವವರು ಎಲ್ಲರೂ ಜವಾಬ್ದಾರರು ಎಂಬುದು ಈ ಕಾನೂನಿನ ಮೆಚ್ಚತಕ್ಕ ಅಂಶ.

ಆದರೆ ಅತಿ ಉದ್ದದ ರೋಡ್ ಟ್ರೇನುಗಳು ಹೆಚ್ಚಾಗಿ ಓಡುವ ಪಶ್ಚಿಮ ಆಸ್ಟ್ರೇಲಿಯಾ ಮತ್ತು ನಾರ್ದರ್ನ್ ಟೆರಿಟರಿ ಈ ಕಾನೂನಿನ ಹೊರಗಿವೆ. ಪಶ್ಚಿಮ ಆಸ್ಟ್ರೇಲಿಯಾದ ನಿಯಮದಲ್ಲಿ 14 ದಿನಗಳಿಗೆ 168 ಗಂಟೆ ದುಡಿಯಲು ಅವಕಾಶವಿದೆ. ಲೆಕ್ಕ ಹಾಕಿ ನೋಡಿ. ಎರಡು ವಾರಗಳಲ್ಲಿರುವುದೇ 336 ಗಂಟೆ. ಅದರ ಸರಿಯಾದ ಅರ್ಧ ಕೆಲಸಕ್ಕೆ. ಉಳಿದರ್ಧದಲ್ಲಿ ಊಟ, ಸ್ನಾನ, ಬಟ್ಟೆ ಒಗೆತ, ಹೆಂಡತಿ ಮಕ್ಕಳೊಡನೆ ಮಾತು, ಕೊನೆಗೆ ನಿದ್ದೆ. ಏಕರೂಪದ ಕಾನೂನಿನ 7 ಗಂಟೆಯ ವಿರಾಮದಲ್ಲೂ ಇವೆಲ್ಲ ಮುಗಿದರೆ ನಿದ್ದೆಗೆ ಐದು ಗಂಟೆ ಸಿಕ್ಕೀತು. ವಯಸ್ಕನಿಗೆ ಬೇಕಾದದ್ದು ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ದೆ.

ಚಾಲಕರ ಆಕ್ಷೇಪಣೆಯನ್ನೂ ಕೇಳಬೇಕು. "ಗಡಿಯಾರ ನೋಡಿ ಮಲಗು ಎಂದರೆ ನಿದ್ದೆ ಬರುತ್ತದೆಯೇ? ನಿದ್ದೆ ಬಂದಾಗ ನಿಲ್ಲಲು ನೆರಳಿರುವ ಜಾಗ ಎಲ್ಲಿದೆ?" ಎನ್ನುತ್ತಾರೆ. ಮಾತು ನಿಜ. ಮಧ್ಯಾಹ್ನದ ಉರಿಯಲ್ಲಿ, ಬೇರೆ ಗಾಡಿಗಳ ಸದ್ದಿನಲ್ಲಿ ಕಡ್ಡಾಯವಾಗಿ ಮಲಗಿ, ಮಿದುಳು ನಿದ್ದೆ ಬೇಡುವ ನಡುರಾತ್ರಿಯಲ್ಲಿ ಹೊರಡುವುದು ಆರೋಗ್ಯಕ್ಕೆ ಹಿತವಲ್ಲ. ಆದರೆ ಇದು ಮಿತಿಯನ್ನು ತೆಗೆದುಹಾಕಲು ಕಾರಣವಾಗಬಾರದು. ನೆರಳು, ನೀರು, ಶೌಚಾಲಯವಿರುವ ತಂಗುದಾಣಗಳನ್ನು ಹೆಚ್ಚಿಸಲು ಕಾರಣವಾಗಬೇಕು.

ಇನ್ನು ಕೆಲವರು ಯಂತ್ರವನ್ನೇ ನಂಬುತ್ತಾರೆ. ಚಾಲಕನ ರೆಪ್ಪೆಗಳನ್ನು ಗಮನಿಸಿ, ಕಣ್ಣು ಮುಚ್ಚಿದ ಕೂಡಲೇ ಆಸನವನ್ನು ನಡುಗಿಸಿ ಎಬ್ಬಿಸುವ ಕ್ಯಾಮೆರಾಗಳು ಇಂದು ಅನೇಕ ಲಾರಿಗಳಲ್ಲಿವೆ. ಅವು ಜೀವ ಉಳಿಸಬಲ್ಲವು, ಬೇಡವೆನ್ನಲಾಗದು. ಆದರೆ ಹಸಿದವನ ಹೊಟ್ಟೆ ಗುರುಗುಟ್ಟುವುದನ್ನು ಅಳೆಯುವ ಯಂತ್ರ ಅವನಿಗೆ ಅನ್ನ ಹಾಕಿದಂತಾಗದು. ಎಬ್ಬಿಸಿದ ಮೇಲೆ ಅವನು ಗಾಡಿ ನಿಲ್ಲಿಸಿ ಮಲಗಿದನೇ, ಇಲ್ಲ ಓಡಿಸಿದನೇ ಎಂಬುದೇ ಮುಖ್ಯ.

ಅದನ್ನು ನಿರ್ಧರಿಸುವುದು ಬಹುಮಟ್ಟಿಗೆ ಕೂಲಿ. ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಟ್ಟರೆ ನಿಂತ ಪ್ರತಿ ಗಳಿಗೆಯೂ ನಷ್ಟ. ಸರಕು ಇಳಿಸಲು ಕಾದ ಹೊತ್ತಿಗೆ ಕಾಸಿಲ್ಲದಿದ್ದರೆ ಆ ಹೊತ್ತನ್ನು ನಿದ್ದೆಯಿಂದ ಕದಿಯಬೇಕು. ಇದನ್ನು ಸರಿಪಡಿಸಲು ಆಸ್ಟ್ರೇಲಿಯಾದಲ್ಲಿ 2012ರಲ್ಲಿ ಸ್ಥಾಪಿಸಿದ್ದ ರಸ್ತೆ ಸುರಕ್ಷತಾ ವೇತನ ನ್ಯಾಯಮಂಡಳಿಯನ್ನು 2016ರಲ್ಲಿ ರದ್ದುಪಡಿಸಿದರು. ಅದರ ಆದೇಶದಿಂದ ಸ್ವಂತ ಲಾರಿಯ ಬಡ ಮಾಲೀಕರೇ ಕೆಲಸ ಕಳೆದುಕೊಳ್ಳುತ್ತಾರೆಂಬ ದೂರಿತ್ತು. 2024ರ ಕಾಯ್ದೆಯಿಂದ ರಸ್ತೆ ಸಾಗಣೆಗೆ ಕನಿಷ್ಠ ಮಟ್ಟಗಳನ್ನು ಗೊತ್ತುಪಡಿಸುವ ಅಧಿಕಾರ ಅಲ್ಲಿಯ ಫೇರ್ ವರ್ಕ್ ಆಯೋಗಕ್ಕೆ ಸಿಕ್ಕಿದೆ. ಯಾವ ಸಂಸ್ಥೆ ಮಾಡಿದರೂ ಸರಿ, ವಿಶ್ರಾಂತಿಗೆ ಬೆಲೆ ಕಟ್ಟದ ಕೂಲಿ ರೋಗಕ್ಕೆ ಕೊಟ್ಟ ಆಹ್ವಾನ ಎಂಬುದು ನನ್ನ ಖಚಿತ ಅಭಿಪ್ರಾಯ. ಡಾಕ್ಟರರು ಬರೆಯಲಾಗದ ಔಷಧಿ ಇದು, ಮಾಲೀಕರು ಮತ್ತು ಸರ್ಕಾರವೇ ಬರೆಯಬೇಕು.

ನಮಗೇನು ಪಾಠ?

ಇದೆಲ್ಲ ದೂರದ ಮಾತೆನ್ನಬೇಡಿ. ಹೊಸಕೋಟೆಯ ವೋಲ್ವೊ ಕಾರ್ಖಾನೆಯಲ್ಲಿ 1998ರಿಂದ ಭಾರಿ ಲಾರಿಗಳು ತಯಾರಾಗುತ್ತಿವೆ. 2025ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕನ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಬೆಂದವರಿಗೆ ಇದು ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ಆಸ್ಟ್ರೇಲಿಯಾದ ಅನುಭವ ನಮ್ಮನ್ನು ಎಚ್ಚರಿಸಬೇಕು. "ಈಗ ತಣ್ಣಗೆ ಕೂತಿದ್ದೀಯಲ್ಲ, ಇನ್ನೂರು ಕಿಲೋಮೀಟರ್ ಹೆಚ್ಚಿಗೆ ಹೋಗು" ಎಂದು ಮಾಲೀಕ ಹೇಳಿದರೆ ಬಂದ ಸೌಕರ್ಯ ಬಂದ ದಾರಿಗೇ ಹೋದಂತೆ. 1961ರಷ್ಟು ಹಿಂದೆಯೇ ನಮ್ಮ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ಬರೆದದ್ದಕ್ಕೂ ನಡೆದದ್ದಕ್ಕೂ ಎಷ್ಟು ಅಂತರವೆಂಬುದನ್ನು ಹೆದ್ದಾರಿಯ ಯಾವ ಧಾಬಾದಲ್ಲಾದರೂ ಕೇಳಿ ತಿಳಿಯಬಹುದು.

ನಿಮ್ಮ ಮನೆಯಲ್ಲಿ ದೂರದ ಗಾಡಿ ಓಡಿಸುವವರಿದ್ದರೆ ಕೆಲವು ಮಾತು ನೆನಪಿಡಿ. ಜೋರಾದ ಗೊರಕೆಯ ನಡುವೆ ಉಸಿರು ನಿಂತಂತಾಗುತ್ತಿದ್ದರೆ, ಬೆಳಗೆದ್ದಾಗ ತಲೆನೋವಿದ್ದರೆ, ಕುಳಿತಲ್ಲೇ ತೂಕಡಿಸುತ್ತಿದ್ದರೆ ವೈದ್ಯರಿಗೆ ತೋರಿಸಿ. ಚಾಲಕನಿಗೆ ಇದು ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗುವವರೇ ಹೇಳಬೇಕು. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕಣ್ಣು ಪರೀಕ್ಷಿಸಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಊಟ ತಪ್ಪಿಸಿ ಸ್ಟಿಯರಿಂಗ್ ಹಿಡಿಯಬಾರದು. ನೆಗಡಿ, ಅಲರ್ಜಿಯ ಕೆಲವು ಗುಳಿಗೆಗಳು ನಿದ್ದೆ ತರಿಸುತ್ತವೆ, ಕೇಳದೆ ನುಂಗಬೇಡಿ. ಎರಡು ಗಂಟೆಗೊಮ್ಮೆ ಇಳಿದು ನಡೆದಾಡಿ, ನೀರು ಕುಡಿಯಿರಿ. ಪದೇಪದೇ ಆಕಳಿಕೆ, ಕಣ್ಣುರಿ, ಕಳೆದ ಐದಾರು ಮೈಲಿ ಹೇಗೆ ಬಂದೆನೆಂಬ ನೆನಪೇ ಇಲ್ಲದಿರುವುದು, ಗಾಡಿ ಬದಿಗೆ ಸರಿಯುವುದು ಇವು ಮಿದುಳಿನ ಕೊನೆಯ ಎಚ್ಚರಿಕೆಗಳು. ಆಗ ಕಿಟಕಿ ತೆರೆಯುವುದು, ಹಾಡು ಹಾಕುವುದು ಪ್ರಯೋಜನಕ್ಕೆ ಬಾರದು. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಮಲಗಬೇಕು. ಕಾರಿನಲ್ಲಿ ರಾತ್ರಿ ಪ್ರಯಾಣ ಹೊರಡುವ ನಿಮಗೂ ಈ ಮಾತು ಅನ್ವಯಿಸುತ್ತದೆ.

ನೀವು ಸರಕು ತರಿಸುವ ವ್ಯಾಪಾರಿಗಳಾಗಿದ್ದರೆ ಇನ್ನೊಂದು ಮಾತು. "ಬೆಳಗಾಗುವುದರೊಳಗೆ ಬರಲೇಬೇಕು" ಎಂದು ಫೋನಿನಲ್ಲಿ ಗದರಿಸುವ ಮುನ್ನ ಆ ಗಾಡಿ ಎಲ್ಲಿಂದ ಹೊರಟಿದೆ, ಅವನು ಯಾವಾಗ ಮಲಗಿದ್ದ ಎಂದು ಒಮ್ಮೆ ಕೇಳಿ. ಸರಕು ಒಂದು ದಿನ ತಡವಾದರೆ ಅಂಗಡಿ ಮುಳುಗುವುದಿಲ್ಲ. ಎಂಜಿನ್ ಕೆಟ್ಟರೆ ಬದಲಿ ಎಂಜಿನ್ ಸಿಗುತ್ತದೆ, ಟಯರು ಹೋದರೆ ಹೊಸ ಟಯರು ಬರುತ್ತದೆ. ಸ್ಟಿಯರಿಂಗ್ ಹಿಡಿದ ಆ ಎರಡು ಕೈಗಳಿಗೆ ಯಾವ ಅಂಗಡಿಯಲ್ಲೂ ಬದಲಿ ಬಿಡಿಭಾಗ ಸಿಗುವುದಿಲ್ಲ.